ಕಚ್ಚಾ ಹೊಲಿಗೆಯ ಪರವಾಗಿ ಒಂದು ತಕರಾರು

ಇಂದಿನ ಬರಹದಲ್ಲಿ ಸಿಟ್ಟು ತುಸು ಹೆಚ್ಚಾಗಿ ಕಂಡರೆ ನನ್ನ ಹಳೆಯ ವಿದ್ಯಾರ್ಥಿಗಳು ಸಹಿಸಿಕೊಳ್ಳಬೇಕು. ಮೂವತ್ತೆರಡು ವರ್ಷ ಸಹಿಸಿಕೊಂಡವರಿಗೆ ಇದೇನೂ ಹೊಸದಲ್ಲ. ಬಂಧುಗಳಿಗೆ ಮಾತ್ರ ಒಂದು ಮಾತು: ಇಲ್ಲಿ ಬರುವ ಕುಬಸದ ಮನೆ ಯಾವುದೆಂದು ಊಹಿಸಿ ನನಗೆ ಫೋನು ಮಾಡಬೇಡಿರಿ.

ಹೋದ ಶ್ರಾವಣದಲ್ಲಿ ಅಣ್ಣಿಗೇರಿಯ ಸಂಬಂಧಿಕರ ಮನೆಗೆ ಕುಬಸದ ಕಾರ್ಯಕ್ಕೆಂದು ಹೋಗಿದ್ದೆ. ಬಸುರಿಯನ್ನು ಮಣೆಯ ಮೇಲೆ ಕೂರಿಸಿ ಆರತಿಗೆ ಅಣಿಮಾಡುವ ಹೊತ್ತಿಗೆ ಒಳಕೋಣೆಯಿಂದ ಅಳುವ ಸದ್ದು ಕೇಳಿಸಿತು. ನನ್ನ ತಂಗಿಯ ಮೊಮ್ಮಗಳು, ಎಂಟು ವರ್ಷದವಳು, ತೊಟ್ಟಿದ್ದ ಹೊಸ ಫ್ರಾಕಿನ ಬೆನ್ನ ಮೇಲಿನ ಚೈನು ಬಾಯಿ ತೆರೆದುಕೊಂಡಿತ್ತು. (ಪುಸ್ತಕದಲ್ಲಿ ಜಿಪ್, ನಮ್ಮ ಬಾಯಲ್ಲಿ ಚೈನು. ಇಲ್ಲಿ ನಮ್ಮ ಬಾಯಿಯ ಮಾತನ್ನೇ ಬಳಸುತ್ತೇನೆ.) ಚೈನಿನ ಹಲ್ಲು ಒಂದೂ ಕೆಟ್ಟಿರಲಿಲ್ಲ, ಅದರ ಪಟ್ಟಿಯನ್ನು ಬಟ್ಟೆಗೆ ಹಿಡಿದಿದ್ದ ಹೊಲಿಗೆಯೇ ಅರ್ಧ ಗೇಣಿನಷ್ಟು ಕಿತ್ತು ಬಂದಿತ್ತು. ಸೂಜಿ, ದಾರ ಮತ್ತು ಕಾಲು ಗಂಟೆ ಸಮಯ ಸಾಕಾಗುವ ಕೆಲಸ. ತಂಗಿಯ ಮಗಳು ಮಾತ್ರ ನಕ್ಕು, ‘ಇರ್ಲಿ ಬಿಡ ದೊಡ್ಡವ್ವ, ಇವತ್ತೊಂದಿನ ಪಿನ್ ಹಚ್ಚಿದ್ರಾತು. ನಾಳೆ ಒಗದ ಬಿಡ್ತೀನಿ. ಇದರ ಅರ್ಧಾ ರೊಕ್ಕಕ್ಕ ಮೊಬೈಲಿನ್ಯಾಗ ಹೊಸಾದು ಬರತೈತಿ’ ಎಂದಳು.

ಆ ಕೋಣೆಯಲ್ಲಿ ಹೊಲಿಗೆ ಬಲ್ಲವರೆನ್ನಿಸಿಕೊಂಡ ಇಬ್ಬರು ಹೆಣ್ಣುಮಕ್ಕಳಿದ್ದರು. ಇಬ್ಬರ ಮನೆಯಲ್ಲೂ ಯಾವುದೋ ಯೋಜನೆಯಲ್ಲಿ ಬಂದ ಹೊಲಿಗೆ ಯಂತ್ರವಿದೆ. ಗೋಡೆಯ ಮೇಲೆ ತರಬೇತಿಯ ಪ್ರಮಾಣಪತ್ರವಿದೆ. ಕಿರಿಯವಳು, ‘ಚೈನ್ ಹಚ್ಚೋದು ನಮಗ ಹೇಳಿಕೊಟ್ಟಿಲ್ರಿ, ಅದು ಭಾಳ ಕಷ್ಟದ್ದು ಅಂತ ಬಿಟ್ರು’ ಎಂದಳು. ಹಿರಿಯವಳು, ಐವತ್ತು ದಾಟಿದವಳು, ಏನನ್ನೂ ಹೇಳದೆ ಹುಡುಗಿಯ ಬೆನ್ನಿಗೆ ಮೂರು ಪಿನ್ನು ಚುಚ್ಚಿ ಕಣ್ಣೊರೆಸಿದಳು. ಆಮೇಲೆ ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೇ ಬಂದು ಕುಳಿತು ಮೆಲ್ಲಗೆ ಕೇಳಿದಳು: ‘ಅಕ್ಕೋರ, ನನ್ನ ಗುರ್ತು ಹತ್ತಲಿಲ್ಲೇನ್ರಿ?’

ಹತ್ತಿರಲಿಲ್ಲ. ಹೆಸರು ಹೇಳಿದ ಮೇಲೆ ನೆನಪಾಯಿತು. ನೆನಪಾದದ್ದೇ ಹೋಳಿಗೆ ಗಂಟಲಿನಲ್ಲಿ ನಿಂತಿತು.

ಅದು 1986. ನವಲಗುಂದ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಹೆಣ್ಣುಮಗಳು ಎಂಬ ಒಂದೇ ಅರ್ಹತೆಯ ಮೇಲೆ ಹೊಲಿಗೆಯ ಪೀರಿಯಡ್ಡೂ ನನ್ನ ಪಾಲಿಗೆ ಬಂದಿತ್ತು. ಗಂಡುಹುಡುಗರು ಆ ಹೊತ್ತಿನಲ್ಲಿ ಅಂಗಳದ ಗಿಡಗಳಿಗೆ ನೀರುಣಿಸುವರು. ಕೈಯ ಕೆಲಸವೂ ವಿದ್ಯೆಯೇ ಎಂದು 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಹೇಳಿದ್ದು, ನಾಲ್ಕು ದಶಕಗಳ ಮೇಲೆ ಈಶ್ವರಭಾಯಿ ಪಟೇಲ್ ಸಮಿತಿ ಅದಕ್ಕೆ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂಬ ಉದ್ದನೆಯ ಹೆಸರಿಟ್ಟದ್ದು, ಇವೆಲ್ಲ ನನಗೆ ಬಿ.ಎಡ್. ಪರೀಕ್ಷೆಯಲ್ಲಿ ಬಾಯಿಪಾಠವಾಗಿದ್ದವು. ಶಾಲೆಯಲ್ಲಿ ಮಾತ್ರ ಆ ಕಾರ್ಯವೆಂದರೆ ವೇಳಾಪಟ್ಟಿಯ ಕೊನೆಯ ನಲವತ್ತು ನಿಮಿಷ, ಒಂದು ಯಂತ್ರ, ಮೂವತ್ತಕ್ಕೂ ಹೆಚ್ಚು ಹುಡುಗಿಯರು. ಆ ವರ್ಷ ಮಕ್ಕಳ ಫ್ರಾಕೊಂದಕ್ಕೆ ಏಳು ಇಂಚಿನ ಚೈನು ಹಚ್ಚುವುದನ್ನು ಪರೀಕ್ಷೆಗಿಟ್ಟೆ. ನಲವತ್ತು ನಿಮಿಷದಲ್ಲಿ ಮುಗಿಯಲೆಂದು ಕಚ್ಚಾ ಹೊಲಿಗೆಯನ್ನು ಕೈಬಿಟ್ಟೆ. ‘ಎರಡು ಪಿನ್ ಚುಚ್ಚಿ ಸೀದಾ ಮಷೀನಿಗೆ ಹಚ್ಚಿರಿ’ ಎಂದೆ.

ಆ ಹುಡುಗಿಯ ಚೈನು ಹಾವಿನಂತೆ ಸುರುಳಿ ಸುರುಳಿಯಾಗಿ ನಿಂತಿತು. ಬಲಬದಿ ಎಡಬದಿಗಿಂತ ಕಾಲು ಇಂಚು ಮೇಲೆ. ‘ಅಕ್ಕೋರ, ಬಟ್ಟಿ ತಾನ ಜಾರತೈತ್ರಿ’ ಎಂದಳು. ನಾನು ಎಲ್ಲರ ಮುಂದೆ ‘ಕುಣಿಯಲಾರದಾಕಿ ನೆಲ ಡೊಂಕು ಅಂದಳಂತೆ’ ಎಂಬ ಗಾದೆ ಹೇಳಿ, ‘ನಿನ್ನ ಕೈ ಇದಕ್ಕಲ್ಲ ಬಿಡವಾ’ ಎಂದೆ. ತರಗತಿ ನಕ್ಕಿತು. ಹದಿನಾಲ್ಕು ವರ್ಷದ ಆ ಹುಡುಗಿ ಇರಕಲ್ ಸೀರೆಯ ಸೆರಗಿನ ಮೇಲೆ ಎಳೆ ಎಣಿಸಿ ಕಸೂತಿಯ ಗೋಪುರ ಎತ್ತಬಲ್ಲವಳಾಗಿದ್ದಳು. ಗಂಟು ಹಾಕದೆ, ಹಿಂದೆ ಮುಂದೆ ಒಂದೇ ರೂಪ ಕಾಣುವಂತೆ ಗವಂತಿ ಹಾಕುವ ಕೈಗೆ ‘ಇದಕ್ಕಲ್ಲ’ ಎಂದ ನನ್ನ ನಾಲಗೆಗೆ ಏನೆನ್ನಬೇಕು?

ಮೂವತ್ತೆಂಟು ವರ್ಷಗಳ ಮೇಲೆ ಹೋಳಿಗೆಯ ಎಲೆಯ ಮುಂದೆ ಆಕೆ ಹೇಳಿದ್ದಿಷ್ಟು: ‘ಗಂಡ ತೀರಿದ ಮ್ಯಾಲೆ ಮಷೀನ ಹಿಡಿದೆನ್ರಿ. ಫಾಲ್, ಪಿಕೋ, ಜಂಪರ ಎಲ್ಲಾ ಮಾಡ್ತೀನಿ. ಚೈನಿಂದು ಬಂದ್ರ ಮಾತ್ರ ಹುಬ್ಬಳ್ಳಿಗೆ ಒಯ್ದು ಇನ್ನೊಬ್ಬರ ಕಡೆ ಹಚ್ಚಿಸ್ಕೊಂಡ ಬರ್ತೀನ್ರಿ. ನನ್ನ ಕೈ ಅದಕ್ಕಲ್ಲಲ್ರಿ.’ ದೂರುವ ಧ್ವನಿಯಲ್ಲ. ತನ್ನ ರಕ್ತದ ಗುಂಪು ಹೇಳುವಂತೆ ಹೇಳಿದಳು.

ಆಕೆಯ ಲೆಕ್ಕ ಕೇಳಿದೆ. ಡ್ರೆಸ್ಸಿನ ಕೂಲಿಯಲ್ಲಿ ದೊಡ್ಡ ಪಾಲು ಚೈನು ಹಚ್ಚಿದವನಿಗೆ ಹೋಗುತ್ತದೆ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದದ್ದು ನಿಜ, ಆದರೆ ಹೋಗಿಬರುವ ದಿನ ಪುಕ್ಕಟೆಯಲ್ಲ. ಊರಿನ ಕಾಲೇಜು ಹುಡುಗಿಯರು ಇದನ್ನು ತಿಳಿದು ತಾವೇ ಹುಬ್ಬಳ್ಳಿಗೆ ಕೊಡುತ್ತಾರೆ. ಈಕೆಗೆ ಉಳಿಯುವುದು ಸೀರೆಯ ಅಂಚು ಮಡಿಸುವ ಕೆಲಸ. ನಮ್ಮ ಹಳ್ಳಿಗಳಲ್ಲಿ ಹೊಲಿಗೆಯಿಂದ ಬದುಕುವ ಹೆಣ್ಣುಮಗಳ ಅನ್ನಕ್ಕೆ ಒಂದು ಗಡಿಗೆರೆ ಇದೆ, ಆ ಗೆರೆ ಏಳು ಇಂಚು ಉದ್ದದ್ದು. ಯಂತ್ರ ಹಂಚುವವರು ಯಂತ್ರ ಹಂಚಿ ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ತರಬೇತಿ ಕೊಡುವವರು ಜಂಪರಿನ ಹುಕ್ಕಿನವರೆಗೆ ತಂದು ನಿಲ್ಲಿಸಿ ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಾರೆ. ಗೆರೆಯ ಆಚೆಗೆ ದಾಟಿಸುವ ಹೊಣೆ ಯಾರದೂ ಅಲ್ಲ.

ಈಗ ಆ ‘ಕಷ್ಟ’ದ ಮಾತಿಗೆ ಬರೋಣ. ಬಟ್ಟೆ ತಾನಾಗಿ ಜಾರುತ್ತದೆ ಎಂದಳಲ್ಲ ಆ ಹುಡುಗಿ, ಅಕ್ಷರಶಃ ನಿಜ ಹೇಳಿದ್ದಳು. ಹೊಲಿಗೆ ಯಂತ್ರದಲ್ಲಿ ಬಟ್ಟೆಯನ್ನು ಮುಂದೂಡುವ ಹಲ್ಲುಗಳಿರುವುದು ಕೆಳಗೆ. ಮೇಲಿರುವ ಫುಟ್ ಬರಿದೇ ಒತ್ತಿ ಹಿಡಿಯುತ್ತದೆ. ಆದ್ದರಿಂದ ಕೆಳಗಿನ ಪದರ ಮುಂದೆ ಹೋಗುತ್ತದೆ, ಮೇಲಿನದು ಒಂದೊಂದು ಟಾಕಿಗೂ ಕೂದಲೆಳೆಯಷ್ಟು ಹಿಂದುಳಿಯುತ್ತದೆ. ಎರಡೂ ಒಂದೇ ಬಗೆಯ ಬಟ್ಟೆಯಾದರೆ ಕೈ ಅದನ್ನು ಸಂಭಾಳಿಸೀತು. ಚೈನಿನ ಪಟ್ಟಿಯೋ ಬಿಗಿಯಾಗಿ ನೇಯ್ದದ್ದು, ಹಿಗ್ಗುವುದಿಲ್ಲ. ಬಟ್ಟೆ ಹಿಗ್ಗುತ್ತದೆ, ಅದರಲ್ಲೂ ಓರೆಯಾಗಿ ಕತ್ತರಿಸಿದ ಅಂಚು ಎಳೆದಷ್ಟೂ ಬರುತ್ತದೆ. ಏಳು ಇಂಚು ಮುಗಿಯುವಷ್ಟರಲ್ಲಿ ಕೂದಲೆಳೆಗಳೆಲ್ಲ ಕೂಡಿ ಕಾಲು ಇಂಚಾಗುತ್ತವೆ. ಎರಡು ಪಿನ್ನು ಚುಚ್ಚಿದರೆ ಆ ಎರಡು ಜಾಗ ನಿಂತೀತು, ನಡುವಿನ ಬಟ್ಟೆ ಉಬ್ಬಿ ಸುರುಳಿಯಾಗುತ್ತದೆ. ಕುಣಿಯುವವಳಿಗೆ ಕುಣಿತ ಬರುತ್ತಿತ್ತು. ನೆಲವೇ ಡೊಂಕಾಗಿತ್ತು, ಡೊಂಕು ಮಾಡಿದವಳು ನಾನು.

ಇದಕ್ಕೆ ಮದ್ದು ನಮ್ಮ ಅಜ್ಜಿಯರು ಕೌದಿ ಹೊಲಿಯುವಾಗ ಹಾಕುತ್ತಿದ್ದ ಆ ಉದ್ದನೆಯ ಟಾಕಿಯೇ. ಅದನ್ನು ಸಾವಕಾಶವಾಗಿ ಹೇಳುತ್ತೇನೆ. 1986ರಲ್ಲಿ ಹೇಳದ ಪಾಠವಿದು.

ಹತ್ತಿಯ ಬಟ್ಟೆಯಾದರೆ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿಕೊಳ್ಳಿರಿ. ಈಗಿನ ಚೈನಿನ ಪಟ್ಟಿ ಸಾಮಾನ್ಯವಾಗಿ ಪಾಲಿಯೆಸ್ಟರಿನದು, ಅದು ಕುಗ್ಗದು. ಬಟ್ಟೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಹೊಲಿದಾಗ ಚೆನ್ನಾಗಿದ್ದ ಚೈನು ಒಗೆದ ಮೇಲೆ ಅಲೆಯಲೆಯಾಗಿ ನಿಲ್ಲುವುದು ಇದರಿಂದ, ಹೊಲಿದವಳ ತಪ್ಪಿನಿಂದಲ್ಲ. ಬೆನ್ನಿನ ಎರಡು ತುಂಡುಗಳಿಗೂ ಒಂದೊಂದು ಇಂಚು ಮಾರ್ಜಿನ್ ಬಿಡಿರಿ. ಬಟ್ಟೆ ಉಳಿಸುವ ಆಸೆಯಿಂದ ಅರ್ಧ ಇಂಚು ಬಿಟ್ಟವರ ಚೈನು ಆ ಫ್ರಾಕಿನಂತೆ ಕಿತ್ತು ಬರುತ್ತದೆ. ಚೈನಿನ ಕೆಳಗಿನ ಭಾಗವನ್ನು ಗಟ್ಟಿ ಹೊಲಿಗೆಯಿಂದ ಕೂಡಿಸಿ, ಕೊನೆಯಲ್ಲಿ ಹಿಂದೆ ಮುಂದೆ ಓಡಿಸಿ ಭದ್ರಪಡಿಸಿರಿ. ಅನಂತರ ಚೈನು ಬರುವ ಏಳು ಇಂಚನ್ನೂ ಕೈಯಿಂದ ಕಚ್ಚಾ ಹೊಲಿಗೆ ಹಾಕಿ ಮುಚ್ಚಿಬಿಡಿರಿ. ಹೌದು, ತೆರೆಯಬೇಕಾದ ಬಾಯನ್ನು ಮೊದಲು ಮುಚ್ಚುವುದು! ಗುಟ್ಟಿರುವುದು ಅಲ್ಲಿಯೇ. ಮುಚ್ಚಿದ್ದರಿಂದ ಎರಡು ಅಂಚುಗಳೂ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಒಂದು ಮೇಲೆ ಒಂದು ಕೆಳಗೆ ಆಗುವ ಪ್ರಶ್ನೆಯೇ ಇಲ್ಲ.

ಮಾರ್ಜಿನನ್ನು ಎರಡು ಬದಿಗೆ ಬಿಡಿಸಿ ಇಸ್ತ್ರಿ ಮಾಡಿರಿ. ಇಸ್ತ್ರಿಯಿಲ್ಲದ ಮನೆಯಲ್ಲಿ ಬಿಸಿನೀರು ತುಂಬಿದ ಸಪಾಟು ತಳದ ತಂಬಿಗೆ ಸಾಕು, ನನ್ನ ತಾಯಿ ಹಾಗೆಯೇ ಮಾಡುತ್ತಿದ್ದಳು. ಬಟ್ಟೆಯ ಒಳಮೈ ಮೇಲಾಗಿರಲಿ. ಮುಚ್ಚಿದ ಚೈನಿನ ಮುಖ ಕೆಳಗಾಗಿ, ಹಲ್ಲಿನ ಸಾಲು ಕಚ್ಚಾ ಹೊಲಿಗೆಯ ಗೆರೆಯ ನೆತ್ತಿಯ ಮೇಲೆ ಕೂರಬೇಕು. ಎರಡು ಪಟ್ಟಿಗಳನ್ನೂ ಮತ್ತೆ ಕೈಯಿಂದ ಕಚ್ಚಾ ಹಾಕಿರಿ. ದಾರ ಬಟ್ಟೆಗೆ ಹೊಂದದ ಬಣ್ಣದ್ದಿದ್ದರೆ ಬಿಚ್ಚುವಾಗ ಕಣ್ಣಿಗೆ ಬೀಳುತ್ತದೆ. ಇಷ್ಟಾದ ಮೇಲೆ ಯಂತ್ರ. ಚೈನಿಗೆಂದೇ ಒಂದು ಬದಿಯ ಫುಟ್ ಸಿಗುತ್ತದೆ, ದುರ್ಗದಬೈಲಿನ ಸುತ್ತಿನ ಅಂಗಡಿಗಳಲ್ಲಿ ಕೇಳಿದರೆ ಹಳೆಯ ಕರಿಯ ಯಂತ್ರಕ್ಕೂ ಹೊಂದುವುದನ್ನು ಕೊಡುತ್ತಾರೆ. ಅದಿಲ್ಲದೆ ಹೊಲಿಯಲು ಹೋದರೆ ಫುಟ್ ಹಲ್ಲಿನ ಮೇಲೆ ಹತ್ತಿ ಹೊಲಿಗೆ ಓಲಾಡುತ್ತದೆ. ಒಂದು ಬದಿಯನ್ನು ತಳದಿಂದ ಕುತ್ತಿಗೆಗೆ ಹೊಲಿಯಿರಿ. ಇನ್ನೊಂದನ್ನೂ ತಳದಿಂದಲೇ ಕುತ್ತಿಗೆಗೆ. ಒಂದು ಏರಿ ಇನ್ನೊಂದು ಇಳಿದರೆ ಬಟ್ಟೆ ಎರಡು ದಿಕ್ಕಿಗೆ ಎಳೆದಾಡಿ ತಿರುಚಿಕೊಳ್ಳುತ್ತದೆ. ರನ್ನರಿನ ಹತ್ತಿರ ಬಂದಾಗ ಸೂಜಿಯನ್ನು ಬಟ್ಟೆಯೊಳಗೆ ಇಳಿಸಿಟ್ಟು, ಫುಟ್ ಎತ್ತಿ, ಕಚ್ಚಾ ಹೊಲಿಗೆಯ ಮೇಲ್ತುದಿಯನ್ನು ಒಂದೆರಡು ಟಾಕಿ ಬಿಚ್ಚಿ, ರನ್ನರನ್ನು ಕೆಳಗೆ ಸರಿಸಿ ಮುಂದುವರಿಯಿರಿ. ತಳದಲ್ಲಿ ಅಡ್ಡಲಾಗಿ ನಾಲ್ಕಾರು ಗಟ್ಟಿ ಟಾಕಿ. ಕುತ್ತಿಗೆಯ ಬಳಿ ಮರೆಯದೆ ಒಂದು ಹುಕ್ಕು, ಏಕೆಂದರೆ ಎಳೆತದ ಭಾರವನ್ನು ಹುಕ್ಕು ಹೊರಬೇಕು, ಚೈನಲ್ಲ. ಕೊನೆಗೆ ಕಚ್ಚಾ ದಾರವನ್ನು ಎಳೆದು ತೆಗೆದರೆ ಮುಚ್ಚಿದ ಬಾಯಿ ತೆರೆದು ಹಲ್ಲುಗಳು ಸರಿಯಾಗಿ ನಡುಗೆರೆಯಲ್ಲಿ ಕಾಣುತ್ತವೆ.

ಹೊರಗೆ ಕಾಣದ ಚೈನು ಈಗಿನ ಹುಡುಗಿಯರ ಬಯಕೆ. ಅದರ ಕ್ರಮ ಇದಕ್ಕೆ ತದ್ವಿರುದ್ಧ: ಬಟ್ಟೆಯ ಬಾಯಿ ತೆರೆದಿರುವಾಗಲೇ ಎರಡು ಪಟ್ಟಿಗಳನ್ನೂ ಕೂರಿಸಿ, ಸುರುಳಿಯಾಗಿರುವ ಹಲ್ಲನ್ನು ಹದವಾದ ಇಸ್ತ್ರಿಯಿಂದ ಒಳಮೈ ಕಡೆಯಿಂದ ಮಲಗಿಸಿ (ಬಿಸಿ ಹೆಚ್ಚಾದರೆ ನೈಲಾನು ಕರಗುತ್ತದೆ), ಹಲ್ಲಿನ ಬುಡಕ್ಕೆ ತಾಗಿದಂತೆ ಹೊಲಿದು, ಕೆಳಗಿನ ಕೂಡಿಕೆಯನ್ನು ಅನಂತರ ಮುಗಿಸಬೇಕು. ಕ್ರಮ ಬದಲಾದರೂ ಕಚ್ಚಾ ಹೊಲಿಗೆ ಬದಲಾಗದು. ಇಲ್ಲಂತೂ ಅದಿಲ್ಲದೆ ಒಂದು ಹೆಜ್ಜೆ ಇಡಲಾಗದು. ಚೈನು ಉದ್ದವಾಯಿತೇ? ನೈಲಾನಿನದಾದರೆ ಬೇಕಾದ ಅಳತೆಯಲ್ಲಿ ಹಲ್ಲಿನ ಮೇಲೆಯೇ ಎಂಟು ಹತ್ತು ಟಾಕಿ ಬಿಗಿದು, ಅರ್ಧ ಇಂಚು ಕೆಳಗೆ ಕತ್ತರಿಸಿರಿ. ರನ್ನರು ಜಡವಾದರೆ ಮೇಣದ ಬತ್ತಿಯಿಂದ ಒಮ್ಮೆ ತಿಕ್ಕಿರಿ. ರನ್ನರು ಓಡಿದರೂ ಹಲ್ಲು ಕೂಡದಿದ್ದರೆ ರನ್ನರಿನ ಬಾಯಿ ಸಡಿಲಾಗಿದೆ ಎಂದರ್ಥ. ಇಕ್ಕಳದಿಂದ ಎರಡು ಬದಿಗೂ ಮೆಲ್ಲಗೆ ಒತ್ತಿದರೆ ಬಹಳ ಸಲ ಸರಿಹೋಗುತ್ತದೆ. ಇಷ್ಟಕ್ಕೆ ಫ್ರಾಕು ಒಗೆಯುವುದೇ?

ಇದನ್ನೆಲ್ಲ ನಾನು ಮೊನ್ನೆ ಕಲಿತದ್ದಲ್ಲ, ಓದುವ ಕಾಲದಲ್ಲೇ ಕಲಿತದ್ದು. ನನ್ನ ಮಗಳ ಫ್ರಾಕಿಗೆ ಒಂದು ಸಲವೂ ಕಚ್ಚಾ ಹಾಕದೆ ಚೈನು ಹಚ್ಚಲಿಲ್ಲ. ಶಾಲೆಯ ಹುಡುಗಿಯರಿಗೆ ಮಾತ್ರ ‘ಸೀದಾ ಮಷೀನಿಗೆ’ ಎಂದೆ. ಇದನ್ನು ಬರೆಯಲು ನನಗೆ ಎರಡು ವಾರ ಹಿಡಿಯಿತು.

ಈಗಿನವರು ಮೊಬೈಲಿನಲ್ಲಿ ವಿಡಿಯೋ ತೋರಿಸಿ, ‘ನೋಡ್ರಿ ಅಕ್ಕೋರ, ಐದ ನಿಮಿಷದಾಗ ಹಚ್ಚಿದ್ರು, ಕಚ್ಚಾನೂ ಇಲ್ಲ, ಪಿನ್ನೂ ಇಲ್ಲ’ ಎನ್ನುತ್ತಾರೆ. ನೋಡಿದ್ದೇನೆ. ಆ ಕೈ ಎಂಥದೆಂದು ಯೋಚಿಸಿರಿ. ಕಾರ್ಖಾನೆಯಲ್ಲಿ ಒಬ್ಬಳು ಇಡೀ ದಿನ ಅದೇ ಬಟ್ಟೆಗೆ, ಅದೇ ಅಳತೆಯ ಚೈನನ್ನು ಮತ್ತೆ ಮತ್ತೆ ಹಚ್ಚುತ್ತಾಳೆ. ಅವಳ ಬೆರಳುಗಳೇ ಕಚ್ಚಾ ಹೊಲಿಗೆಯಾಗಿಬಿಟ್ಟಿರುತ್ತವೆ. ಮನೆಯಲ್ಲಿ ಹೊಲಿಯುವವಳು ಮೂರು ತಿಂಗಳಿಗೊಂದು ಚೈನು ಹಚ್ಚುತ್ತಾಳೆ, ಒಮ್ಮೆ ಜಾರುವ ಕ್ರೇಪು, ಒಮ್ಮೆ ಒರಟು ಖಾದಿ. ಈಕೆಗೆ ಆಕೆಯ ವೇಗ ತೋರಿಸಿ, ಆ ವೇಗ ಬಾರದಾಗ ‘ಕೈ ಇಲ್ಲ’ ಎನ್ನುವುದು ಮೋಸ. ಕಚ್ಚಾ ಹಾಕಲು ಹತ್ತು ನಿಮಿಷ ಸಾಕು. ತಪ್ಪಾದ ಹೊಲಿಗೆಯನ್ನು ಬಟ್ಟೆ ಹರಿಯದಂತೆ ಬಿಚ್ಚಲು ಇಡೀ ಮಧ್ಯಾಹ್ನ ಬೇಕು. ಸಮಯ ಯಾರದು ಉಳಿಯಿತು?

ಇನ್ನೊಂದು ಗುಂಪಿನ ಜೊತೆಗೂ ನನಗೆ ಜಗಳವಿದೆ. ‘ಪ್ಯಾಂಟಿನ ಚೈನು ಹೆಣ್ಣುಮಕ್ಕಳ ಕೆಲಸ ಅಲ್ಲ’ ಎಂಬ ಮಾತನ್ನು ನಾನು ಬೆಳೆದ ಓಣಿಯ ಸಿಂಪಿಗರ ಬಾಯಲ್ಲಿ ಕೇಳಿದ್ದೇನೆ. ಅವರ ಮೊಮ್ಮಕ್ಕಳ ಬಾಯಲ್ಲೂ ಕೇಳುತ್ತಿದ್ದೇನೆ. ಅದೇನೋ ಮುತ್ತಾತನ ಕಾಲದಿಂದ ಬಂದ ಮಂತ್ರವೆಂಬ ಠೀವಿ. ಅಮೆರಿಕೆಯ ಜಡ್ಸನ್ ಎಂಬುವನು ಇದರ ಮೊದಲ ರೂಪಕ್ಕೆ ಪೇಟೆಂಟು ಪಡೆದದ್ದು 1893ರಲ್ಲಿ, ಅದೂ ಬೂಟು ಬಿಗಿಯಲಿಕ್ಕೆ. ಸ್ವೀಡನ್ನಿನಿಂದ ಹೋಗಿ ನೆಲೆಸಿದ ಸುಂಡ್‌ಬ್ಯಾಕ್ ಈಗಿನ ಹಲ್ಲಿನ ಸಾಲನ್ನು ಸಿದ್ಧಪಡಿಸಿದ್ದು 1913ರಲ್ಲಿ. ಚೈನು ಗಂಡಸರ ಪ್ಯಾಂಟಿಗೆ ಏರಿದ್ದು 1930ರ ದಶಕದಲ್ಲಿ, ಅದೂ ಪರದೇಶದಲ್ಲಿ. ನಮ್ಮ ಮುತ್ತಾತಂದಿರು ಧೋತರ ಉಡುತ್ತಿದ್ದರು. ಮುತ್ತಜ್ಜಿಯರು ಖಣದ ಕುಪ್ಪಸಕ್ಕೆ ಎದೆಯ ಮೇಲೆ ಗಂಟು ಹಾಕುತ್ತಿದ್ದರು. ಈ ವಿದ್ಯೆ ಗಂಡಿಗೂ ಹೆಣ್ಣಿಗೂ ಒಂದೇ ಕಾಲಕ್ಕೆ ಹೊಸದಾಗಿ ಬಂದದ್ದು, ಯಾರೂ ಹೊಟ್ಟೆಯಲ್ಲಿ ಕಲಿತು ಬಂದಿಲ್ಲ. ನವಲಗುಂದದಲ್ಲಿ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಜಮಖಾನೆ ನೇಯುತ್ತ ಬಂದವರು ಹೆಣ್ಣುಮಕ್ಕಳೇ. ಅವರ ಊರಿನ ಹೆಣ್ಣಿಗೆ ಪ್ಯಾಂಟಿನ ಚೈನು ಒಗ್ಗದಂತೆ!

ಅದೇ ಬಾಯಿಂದ ಗಂಡುಹುಡುಗರನ್ನು ಗಿಡಕ್ಕೆ ನೀರು ಹಾಕಲು ಕಳಿಸಿದ ನನ್ನಂಥವರ ತಪ್ಪನ್ನೂ ಹೇಳಬೇಕು. ಬೆಂಗಳೂರು, ಪುಣೆಯ ಬಾಡಿಗೆ ಕೋಣೆಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಬ್ಯಾಗಿನ ಚೈನು ಕೆಟ್ಟಿತೆಂದು ಬ್ಯಾಗನ್ನೇ ಎಸೆಯುತ್ತಾರೆಂದು ಕೇಳಿದೆ. ನೀವೂ ಮೇಲಿನದನ್ನು ಓದಿರಿ, ನಿಮಗೂ ಬರೆದದ್ದೇ.

ಒಗೆದರಾಯಿತು ಎಂದ ತಂಗಿಯ ಮಗಳಿಗೆ ಒಂದೇ ಮಾತು ಹೇಳಿದೆ. ನನ್ನ ತರಗತಿಯಲ್ಲಿ ಮಳೆಗಾಲದ ಸೋಮವಾರಗಳಂದು ಒಬ್ಬಳಾದರೂ ಗೈರಾಗುತ್ತಿದ್ದಳು. ಸಮವಸ್ತ್ರ ಒಂದೇ ಜೊತೆ. ಬೆನ್ನಿನ ಚೈನು ಕಿತ್ತಿದೆ. ಪಿನ್ನು ಹಚ್ಚಿಕೊಂಡು ಬಂದರೆ ಹುಡುಗರು ನಗುತ್ತಾರೆ. ಸಂತೆಯ ದಿನದವರೆಗೆ ಸಿಂಪಿಗ ಸಿಗುವುದಿಲ್ಲ. ಹಾಜರಿ ಪುಸ್ತಕದಲ್ಲಿ ನಾನು ‘ಜ್ವರ’ ಎಂದು ಬರೆದುಕೊಳ್ಳುತ್ತಿದ್ದೆ, ಏಕೆಂದರೆ ಅವರು ಹಾಗೆ ಹೇಳುತ್ತಿದ್ದರು. ಕಿತ್ತ ಬಟ್ಟೆಯನ್ನು ಒಗೆದು ಇನ್ನೊಂದು ತೊಡುವ ಅನುಕೂಲ ಇರುವವರಿಗೆ ಇದು ಹಳೆಯ ಕಾಲದ ಕತೆಯೆನ್ನಿಸೀತು. ಇಲ್ಲದವರು ನವಲಗುಂದ, ಕುಂದಗೋಳ, ಕಲಘಟಗಿಯ ಹಳ್ಳಿಗಳಲ್ಲಿ ಇವತ್ತೂ ಇದ್ದಾರೆ.

ಕುಬಸದ ಮನೆಯಿಂದ ಹೊರಡುವಾಗ ಆ ನನ್ನ ಹಳೆಯ ವಿದ್ಯಾರ್ಥಿನಿಯ ಕೈ ಹಿಡಿದು, ‘ನಿನ್ನ ಕೈ ಇದಕ್ಕ ಐತವಾ. ತಪ್ಪು ನಂದು’ ಎಂದೆ. ಆಕೆ ನಂಬಲಿಲ್ಲ, ಹಿರಿಯರು ಏನೋ ಅನ್ನುತ್ತಾರೆ ಎಂಬಂತೆ ನಕ್ಕಳು. ಆದರೂ ಎರಡು ಐತವಾರ ಬಿಟ್ಟು ಧಾರವಾಡದ ನನ್ನ ಮನೆಗೆ ಬಂದಳು, ಆ ಕಿರಿಯವಳನ್ನೂ ಕರೆದುಕೊಂಡು. ಮೊದಲನೆಯ ಚೈನನ್ನು ಕಚ್ಚಾ ಹಾಕಿಯೇ ಹಚ್ಚಿದಳು, ಇಸ್ತ್ರಿ ಮರೆತದ್ದರಿಂದ ಬಿಚ್ಚಬೇಕಾಯಿತು. ಎರಡನೆಯದು ನೆಟ್ಟಗೆ ಕುಳಿತಿತು. ಕಚ್ಚಾ ದಾರವನ್ನು ಎಳೆದು ತೆಗೆದು, ರನ್ನರನ್ನು ನಾಲ್ಕಾರು ಸಲ ಮೇಲೆ ಕೆಳಗೆ ಓಡಿಸಿ ನೋಡಿದಳು. ಏನೂ ಮಾತಾಡಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಕೇಳಿದಳು: ‘ಅಕ್ಕೋರ, ಪ್ಯಾಂಟಿಂದು ಯಾವಾಗ ಹೇಳಿಕೊಡ್ತೀರಿ?’

ನಮ್ಮ ಮನೆಯವರ ಹಳೆಯ ಪ್ಯಾಂಟೊಂದನ್ನು ಬಿಚ್ಚಿ ನೋಡಲೆಂದು ಟ್ರಂಕಿನಿಂದ ತೆಗೆದಿಟ್ಟಿದ್ದೇನೆ.